ಎಕ್ಸ್‌ಎಂಎಲ್ ಬಿಟ್ಟು ಜೇಸನ್‌ಗೆ ಹೋಗಬೇಕಾ?

ಸಪ್ಲೈಯರ್ ಕಳಿಸುವ ಬಿಲ್ಲಿನ ಎಕ್ಸ್‌ಎಂಎಲ್ (ಮಾಹಿತಿಯನ್ನು ಹೆಸರಿರುವ ಟ್ಯಾಗ್‌ಗಳ ನಡುವೆ ಬರೆಯುವ ಫೈಲ್ ಮಾದರಿ) ತುಂಬಾ ಉದ್ದ, ಅದನ್ನು ಜೇಸನ್ (ಟ್ಯಾಗ್ ಇಲ್ಲದ, ಚುಟುಕಾದ ಮಾದರಿ) ಮಾಡಿಕೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ನನ್ನ ಕತೆ ಕೇಳಿ.

ಔಷಧಿ ಹೋಲ್‌ಸೇಲ್ ಅಂಗಡಿಯೊಂದಕ್ಕೆ ನಾನು ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ದಿನಾ ಸಂಜೆ ಬಿಲ್ಲಿನ ಫೈಲ್ ಬರುತ್ತಿತ್ತು, ಪೈಥಾನ್ ಕೋಡ್ ಅದರಿಂದ ಐಟಂ ಹೆಕ್ಕಿ ಸ್ಟಾಕ್‌ಗೆ ಸೇರಿಸುತ್ತಿತ್ತು. ಒಂದು ದಿನ ಸಪ್ಲೈಯರ್ ಕಡೆಯವರು ಮೊದಲ ಟ್ಯಾಗ್‌ಗೆ ಒಂದು ನೇಮ್‌ಸ್ಪೇಸ್, ಅಂದರೆ ಟ್ಯಾಗ್‌ಗಳು ಯಾವ ಗುಂಪಿನವು ಅಂತ ಹೇಳುವ ವಿಳಾಸ, ಸೇರಿಸಿದರು. ಅಷ್ಟೇ. ಕಣ್ಣಿಗೆ <ಐಟಂ> ಅಂತಲೇ ಕಾಣುತ್ತದೆ, ಆದರೆ ಫೈಲ್ ಓದುವ ಪಾರ್ಸರ್‌ಗೆ ಅದರ ಪೂರ್ತಿ ಹೆಸರು ಈಗ ನೇಮ್‌ಸ್ಪೇಸ್ ವಿಳಾಸ ಸೇರಿದ ಐಟಂ. ಟ್ಯಾಗ್ ಹುಡುಕಲು ನಾನು ಬರೆದ ಎಕ್ಸ್‌ಪಾತ್ ಬರೀ ಐಟಂ ಹುಡುಕುತ್ತಿತ್ತು. ಸಿಗದಿದ್ದರೆ ಎರರ್ ಬರಬೇಕು ಅಲ್ವಾ? ಬರುವುದಿಲ್ಲ. ಎಕ್ಸ್‌ಪಾತ್ ಖಾಲಿ ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ, ಖಾಲಿ ಪಟ್ಟಿಯ ಮೇಲೆ ಲೂಪ್ ಒಂದು ಸಲವೂ ತಿರುಗುವುದಿಲ್ಲ, ಲೂಪೇ ತಿರುಗದಿದ್ದರೆ ಒಳಗೆ ಯಾವ ತಪ್ಪೂ ಆಗುವುದಿಲ್ಲ, ಹಾಗಾಗಿ ಲಾಗ್‌ನಲ್ಲಿ ‘ಇಂಪೋರ್ಟ್ ಆಯಿತು, 0 ಐಟಂ’ ಅಂತ ನೀಟಾಗಿ ಬಿತ್ತು. ಆ ಸೊನ್ನೆಯನ್ನು ಯಾರೂ ನೋಡಲಿಲ್ಲ. ಗೋಡೌನ್‌ನಲ್ಲಿ ಡಬ್ಬಿಗಳ ರಾಶಿ, ಕಂಪ್ಯೂಟರ್‌ನಲ್ಲಿ ಸ್ಟಾಕ್ ಇಲ್ಲ. ಅಂಗಡಿಯವರು ಅದೇ ಮಾತ್ರೆಗಳನ್ನು ಮತ್ತೆ ತರಿಸಿದರು. ನಷ್ಟವನ್ನು ನನ್ನ ದುಡ್ಡಿನಲ್ಲೇ ಮುರಿದುಕೊಂಡರು.

ಯಾವ ಟ್ಯಾಗ್ ಎಲ್ಲಿ ಬರಬೇಕು ಅಂತ ಹೇಳುವ ಸ್ಕೀಮಾ ಫೈಲನ್ನು ಸಪ್ಲೈಯರ್ ಮೊದಲೇ ಕೊಟ್ಟಿದ್ದರು. ನಾನು ತೆರೆದೇ ನೋಡಿರಲಿಲ್ಲ. ಬಂದ ಫೈಲನ್ನು ಅದರ ಜೊತೆ ತಾಳೆ ನೋಡಿದ್ದರೆ ಮೊದಲ ಟ್ಯಾಗ್‌ನಲ್ಲೇ ನಿಂತುಬಿಡುತ್ತಿತ್ತು. ಎಕ್ಸ್‌ಎಂಎಲ್‌ನ ದೊಡ್ಡ ಲಾಭವೇ ಅದು, ಅದನ್ನೇ ಬಳಸದೆ ಟ್ಯಾಗ್ ಉದ್ದ ಅಂತ ಗೊಣಗುತ್ತಾ ಕೂತಿದ್ದೆ.

ಉದ್ದ ಒಂದು ತಕರಾರೇ ಅಲ್ಲ. 1998ರಲ್ಲಿ ವೆಬ್‌ನ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಹೊರಡಿಸಿದ ಎಕ್ಸ್‌ಎಂಎಲ್ ನಿಯಮದಲ್ಲಿ ಹತ್ತು ಗುರಿಗಳಿವೆ, ಚುಟುಕಾಗಿರುವುದು ಅಷ್ಟೇನೂ ಮುಖ್ಯವಲ್ಲ ಅನ್ನುವುದು ಹತ್ತನೆಯದು. ಒಂದೇ ಟ್ಯಾಗ್ ಸಾವಿರ ಸಲ ಬಂದರೆ ಜಿಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ. ವರ್ಡ್‌ನ ಡಾಕ್ಸ್ ಫೈಲ್‌ಗೆ ಡಾಟ್ ಜಿಪ್ ಅಂತ ಹೆಸರು ಬದಲಿಸಿ ಬಿಚ್ಚಿ ನೋಡಿ, ಒಳಗಿರುವುದೆಲ್ಲ ಹೆಚ್ಚಾಗಿ ಎಕ್ಸ್‌ಎಂಎಲ್ಲೇ. ನಿಜವಾದ ತಲೆನೋವು ಮೆಮೊರಿ. ದೊಡ್ಡ ಫೈಲನ್ನು ಪೂರ್ತಿ ಲೋಡ್ ಮಾಡಿದರೆ ಡಿಸ್ಕ್‌ನಲ್ಲಿರುವುದಕ್ಕಿಂತ ಎಷ್ಟೋ ಜಾಸ್ತಿ ಜಾಗ ತಿನ್ನುತ್ತದೆ. ಪೈಥಾನ್‌ನ ಇಟರ್‌ಪಾರ್ಸ್ ಬಳಸಿ ಒಂದೊಂದೇ ಐಟಂ ಓದಿ, ಓದಿದ್ದನ್ನು ಕ್ಲಿಯರ್ ಮಾಡುತ್ತಾ ಹೋಗಿ.

ನಿಮ್ಮದೇ ಸರ್ವರ್, ನಿಮ್ಮದೇ ಆ್ಯಪ್ ನಡುವೆ ಜೇಸನ್ ಧಾರಾಳವಾಗಿ ಬಳಸಿ, ಅಲ್ಲಿ ಎಕ್ಸ್‌ಎಂಎಲ್ ಸುಮ್ನೆ ಹೊರೆ. ಹೊರಗಿನಿಂದ ಬರುವ ಬಿಲ್ಲಿಗೆ ಮಾತ್ರ ಕೈ ಹಾಕಬೇಡಿ. ಇವತ್ತೇ ಸ್ಕೀಮಾ ಚೆಕ್ ಹಾಕಿ, ಐಟಂ ಸೊನ್ನೆ ಬಂದರೆ ಇಂಪೋರ್ಟ್ ನಿಲ್ಲುವ ಹಾಗೆ ಮಾಡಿ. ಪಾರ್ಸರ್‌ನಲ್ಲಿ ಎಕ್ಸ್‌ಟರ್ನಲ್ ಎಂಟಿಟಿ (ಬೇರೆ ಫೈಲನ್ನು ಒಳಗೆ ಎಳೆದುಕೊಳ್ಳುವ ಸೌಲಭ್ಯ) ಆಫ್ ಇದೆಯಾ ನೋಡಿ, ಇಲ್ಲದಿದ್ದರೆ ಯಾರೋ ಕಳಿಸಿದ ಬಿಲ್ಲು ನಿಮ್ಮ ಸರ್ವರ್‌ನ ಫೈಲುಗಳನ್ನೇ ಓದಿಸಿಕೊಳ್ಳಬಹುದು.