ಆಫೀಸಿಗೆ ಯಾವ ಬಟ್ಟೆ ಹಾಕಲಿ, ಅಕ್ಕಾ?

ಪ್ರಶ್ನೆ: ಅಕ್ಕ, ನನಗೆ 27 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನ ಒಂದು ಆಡಿಟ್ ಆಫೀಸಿನಲ್ಲಿ. ಹುಟ್ಟಿದಾಗ ಗಂಡು ಅಂತ ಬರೆಸಿದರು. ನಾನು ಹೆಣ್ಣು ಅನ್ನೋದು ನನಗೆ ಚಿಕ್ಕಂದಿನಿಂದ ಗೊತ್ತು. ಡಾಕ್ಟರ ಹತ್ತಿರ ಮಾತುಕತೆ ನಡೆದಿದೆ, ಹಾರ್ಮೋನ್ ಶುರುವಾಗಲು ಇನ್ನೂ ಕೆಲವು ತಿಂಗಳು ಬೇಕು. ಅಲ್ಲಿಯವರೆಗೆ ದಿನಾ ಗಂಡಸರ ಶರ್ಟು ಪ್ಯಾಂಟು ಹಾಕಿಕೊಂಡು ಕೂರಲು ಆಗುತ್ತಿಲ್ಲ. ಹೆಂಗಸರ ಬಟ್ಟೆ ಹಾಕಬೇಕು, ಆದರೆ ಯಾರ ಕಣ್ಣಿಗೂ ಬೀಳಬಾರದು. ಇರುವುದು ಗಂಡಸರ ಪಿಜಿಯಲ್ಲಿ. ಟೀಮಿನ ಒಬ್ಬ ಗೆಳತಿಗೆ ಮಾತ್ರ ವಿಷಯ ಗೊತ್ತು. ಎತ್ತರ 5 ಅಡಿ 8 ಇಂಚು, ಭುಜ ಅಗಲ. ಏನು ಕೊಳ್ಳಲಿ?
ಹೆಸರು ಬೇಡ, ಬೆಂಗಳೂರು

ಉತ್ತರ: ತಂಗೀ, ಪ್ಯಾಂಟಿನಿಂದ ಶುರು ಮಾಡಿ.

ನಮ್ಮಂಥವರು ಮೊದಲು ಆಸೆಪಡುವುದು ಕುರ್ತಾ, ದುಪಟ್ಟಾ. ಅದು ಸಹಜ. ಆದರೆ ಆಫೀಸಿನಲ್ಲಿ ಜನರ ಕಣ್ಣು ಹೋಗುವುದು ಮುಖದ ಕಡೆ, ಕಾಲರ್ ಕಡೆ. ಕಪ್ಪು ಅಥವಾ ಕಡು ನೀಲಿಯ ಹೆಂಗಸರ ಫಾರ್ಮಲ್ ಪ್ಯಾಂಟು, ಸ್ಟ್ರೇಟ್ ಕಟ್ ತಗೊಳ್ಳಿ. ನೋಡುವವರಿಗೆ ಅದು ಬರೀ ಪ್ಯಾಂಟು. ವ್ಯತ್ಯಾಸ ಗೊತ್ತಾಗುವುದು ಹಾಕಿಕೊಂಡವರಿಗೆ. ಸೊಂಟ ಸ್ವಲ್ಪ ಮೇಲೆ ಕೂರುತ್ತದೆ, ಸೀಟಿನ ಹತ್ತಿರ ಬಟ್ಟೆ ಜಾಸ್ತಿ ಇರುತ್ತದೆ, ಜೇಬು ಚಿಕ್ಕದು. ನಾನು ಮೈಸೂರಿನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾಗ ಇಂಥದ್ದೇ ಹಾಕಿಕೊಂಡು ಹೋಗುತ್ತಿದ್ದೆ. ಯಾರೂ ಏನೂ ಕೇಳಲಿಲ್ಲ. ಆದರೆ ಬೆಳಗ್ಗೆ ಬಟ್ಟೆ ಹಾಕಿಕೊಳ್ಳುವಾಗ ಆಗುತ್ತಿದ್ದ ಸಂಕಟ ಎಷ್ಟೋ ಕಡಿಮೆಯಾಯಿತು. ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

ಕೊಳ್ಳುವಾಗ ಸೊಂಟದ ಅಳತೆ ನೋಡಿ ಕೊಳ್ಳಿ. ಸೀಟು, ತೊಡೆ ಸಡಿಲ ಅನಿಸಬಹುದು. ಟೈಲರ್ ಹತ್ತಿರ ಪಕ್ಕದ ಹೊಲಿಗೆ ಹಿಡಿಸಿ. ಆದರೆ ಹೊಲಿಗೆಯ ಒಳಗೆ ಉಳಿಯುವ ಬಟ್ಟೆ ಕತ್ತರಿಸಬೇಡಿ ಅಂತ ಬಾಯಿಬಿಟ್ಟು ಹೇಳಿ, ಎಷ್ಟೋ ಟೈಲರ್‌ಗಳು ಅಭ್ಯಾಸಬಲದಿಂದ ಕತ್ತರಿಸಿಬಿಡುತ್ತಾರೆ. ಹಾರ್ಮೋನ್ ಶುರುವಾದ ಮೇಲೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಎದೆ ಬೆಳೆಯಲು ಶುರುವಾಗುತ್ತದೆ, ಸೀಟು ತೊಡೆಗಳ ಸುತ್ತ ನಿಧಾನಕ್ಕೆ ಕೊಬ್ಬು ಸೇರುತ್ತದೆ. ಪೂರ್ತಿ ರೂಪ ಬರಲು ವರ್ಷಗಳೇ ಬೇಕು. ಆಗ ಹೊಲಿಗೆ ಬಿಚ್ಚಿಸಿದರೆ ಅದೇ ಪ್ಯಾಂಟು ಮತ್ತೆ ಹಿಡಿಸುತ್ತದೆ. ಇದೇ ಕಾರಣಕ್ಕೆ ಈಗಲೇ ಬೀರು ತುಂಬ ಕೊಳ್ಳಬೇಡಿ. ಎರಡು ಪ್ಯಾಂಟು ಸಾಕು.

ಭುಜದ ಮೂಳೆ ಮಾತ್ರ ಔಷಧಿಯಿಂದ ಬದಲಾಗುವುದಿಲ್ಲ. ಹಾಗಾಗಿ ಭುಜಕ್ಕೆ ಯಾವ ಕಟ್ ಹೊಂದುತ್ತದೆ ಅಂತ ಈಗ ಕಲಿತದ್ದು ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಹೆಂಗಸರ ಶರ್ಟು ಭುಜದಲ್ಲಿ ಬಿಗಿಯುತ್ತದೆ, ತುಂಬು ತೋಳು ಮಣಿಕಟ್ಟಿಗೆ ಎಟಕುವುದಿಲ್ಲ. ಭುಜಕ್ಕೆ ಸರಿಹೊಂದುವಷ್ಟು ದೊಡ್ಡ ಸೈಜು ತಗೊಂಡು, ಬೆನ್ನಿನ ಕಡೆ ಎರಡು ಟಕ್ಸ್ ಹಿಡಿಸಿ. ತೋಳನ್ನು ಮೊಣಕೈ ಕೆಳಗಿನವರೆಗೆ ಮಡಚಿ. ಗಟ್ಟಿ ಕಾಟನ್ ಬೇಡ, ಮೈಮೇಲೆ ಇಳಿಬೀಳುವ ರೇಯಾನ್ ಅಥವಾ ಮೆತ್ತನೆ ಕಾಟನ್ ಇರಲಿ. ಪಫ್ ತೋಳು, ಬೋಟ್ ನೆಕ್ ಭುಜವನ್ನು ಇನ್ನೂ ಅಗಲ ತೋರಿಸುತ್ತವೆ. ಹೆಂಗಸರ ಶರ್ಟಿನಲ್ಲಿ ಗುಂಡಿ ಎಡಗಡೆ ಇರುತ್ತದೆ. ಅದನ್ನು ಯಾರಾದರೂ ಕಂಡುಹಿಡಿಯುತ್ತಾರೆ ಅಂತ ಹೆದರಬೇಡಿ, ಎದುರಿಗೆ ಕೂತವರ ಗುಂಡಿ ಯಾವ ಕಡೆ ಇದೆ ಅಂತ ನೀವು ಎಂದಾದರೂ ನೋಡಿದ್ದೀರಾ?

ಕುರ್ತಾ ಆಸೆಯೂ ತೀರಬೇಕಲ್ವಾ? ಸ್ಟ್ಯಾಂಡ್ ಕಾಲರ್ ಇರುವ, ತೊಡೆಯ ಮಧ್ಯದವರೆಗೆ ಬರುವ ಶಾರ್ಟ್ ಕುರ್ತಾ ಶುಕ್ರವಾರ ಹಾಕಿ. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಆಫೀಸಿನಲ್ಲಿ ಹಬ್ಬದ ಬಟ್ಟೆ ಹಾಕಿ ಬರಲು ಹೇಳಿದರೆ ಗುಳೇದಗುಡ್ಡದ ಖಣದಲ್ಲಿ ಒಂದು ಹೊಲಿಸಿ. ಖಣ ಮೊದಲು ರವಿಕೆಯ ಬಟ್ಟೆ, ಈಗ ಗಂಡಸರೂ ಅದರಲ್ಲಿ ಜುಬ್ಬಾ ಹೊಲಿಸುತ್ತಾರೆ. ನಿಮ್ಮದಕ್ಕೆ ಸೊಂಟದಲ್ಲಿ ಸ್ವಲ್ಪ ಶೇಪ್ ಕೊಡಿಸಿದರಾಯಿತು. ಕಾಲಿಗೆ ಕೊಲ್ಹಾಪುರಿ ಚಪ್ಪಲಿ. ನಮ್ಮ ಅಥಣಿ ಕಡೆಯೂ ಮಾಡುತ್ತಾರೆ, 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆಯಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಗಂಡಸರು ಹೆಂಗಸರು ಇಬ್ಬರೂ ಹಾಕುವ ಚಪ್ಪಲಿ, ದೊಡ್ಡ ಪಾದಕ್ಕೂ ಸಿಗುತ್ತದೆ. ಚಿಕ್ಕಂದಿನಲ್ಲಿ ಕಿವಿ ಚುಚ್ಚಿಸಿದ್ದರೆ ಒಂದು ಸಣ್ಣ ಹರಳಿನ ಟಾಪ್ಸ್ ಕೂಡ ಹಾಕಬಹುದು. ನಮ್ಮಲ್ಲಿ ಎಷ್ಟೋ ಗಂಡುಮಕ್ಕಳಿಗೂ ಕಿವಿ ಚುಚ್ಚಿಸಿರುತ್ತಾರೆ, ಯಾರಿಗೂ ವಿಚಿತ್ರ ಅನಿಸುವುದಿಲ್ಲ.

ಒಳಉಡುಪಿನ ವಿಷಯ. ಪಿಜಿಯ ತಾರಸಿ ಹಗ್ಗದ ಭಯ ನನಗೆ ಚೆನ್ನಾಗಿ ಗೊತ್ತು. ಹೆಂಗಸರ ವಿಭಾಗದಲ್ಲಿ ಬಾಯ್‌ಶಾರ್ಟ್ಸ್ ಅಂತ ಸಿಗುತ್ತವೆ. ಕಪ್ಪು, ಬೂದು ಬಣ್ಣದವು ತಗೊಂಡರೆ ಹಗ್ಗದ ಮೇಲೆ ಗಂಡಸರ ಚಡ್ಡಿಯಂತೆಯೇ ಕಾಣುತ್ತವೆ. ಟವೆಲ್ ಕೆಳಗೆ ಮುಚ್ಚಿ ಒಣಗಿಸಬೇಡಿ. ಹಸಿ ಉಳಿದರೆ ತುರಿಕೆ, ಫಂಗಸ್ ಗ್ಯಾರಂಟಿ. ಶರ್ಟಿನೊಳಗೆ ಸ್ಲಿಪ್ ಹಾಕುವುದಾದರೆ ಬಿಳಿ ಬೇಡ, ನಿಮ್ಮ ಮೈಬಣ್ಣದ್ದು ಹಾಕಿ. ಬಿಳಿ ಶರ್ಟಿನೊಳಗೆ ಬಿಳಿ ಸ್ಲಿಪ್ಪಿನ ಪಟ್ಟಿಯೇ ಜಾಸ್ತಿ ಕಾಣುವುದು.

ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಬೇಡಿ. ಪ್ಯಾಂಟಿಗೆ ನೀವು ಒಗ್ಗಿಕೊಂಡ ಮೇಲೆ ಶರ್ಟು, ಆಮೇಲೆ ಉಳಿದದ್ದು. ಯಾರಾದರೂ "ಏನು, ಹೊಸ ಸ್ಟೈಲಾ?" ಅಂದರೆ "ಒಳ್ಳೆ ಟೈಲರ್ ಸಿಕ್ಕಿದ್ದಾರೆ" ಅನ್ನಿ. ಅದು ಸುಳ್ಳೂ ಅಲ್ಲ.

ಇಷ್ಟೆಲ್ಲ ಹೇಳುತ್ತಿರುವುದು ನಿಮ್ಮ ನೆಮ್ಮದಿಗೆ. ಬಚ್ಚಿಡಲೇಬೇಕಾದ ತಪ್ಪೇನೂ ನೀವು ಮಾಡುತ್ತಿಲ್ಲ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬಟ್ಟೆಯ ಮೂಲಕ ತನ್ನ ಲಿಂಗತ್ವ ತೋರಿಸಿಕೊಳ್ಳುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು ಹೇಳಿದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಗೆ 2019ರಲ್ಲಿ ಬಂದ ಕಾನೂನು ಕೆಲಸದ ಜಾಗದಲ್ಲಿ ತಾರತಮ್ಯ ಮಾಡಬಾರದು ಎಂದಿತು, ಸಂಸ್ಥೆಗಳು ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು ಎಂದಿತು. ನಿಮ್ಮ ಆಫೀಸಿನಲ್ಲಿ ಅಂಥವರು ಇದ್ದಾರಾ ಅಂತ ಗೆಳತಿಯ ಮೂಲಕ ಸುಮ್ನೆ ವಿಚಾರಿಸಿಡಿ. ಯಾವಾಗ, ಯಾರಿಗೆ ಹೇಳಬೇಕು ಅನ್ನೋದು ನಿಮ್ಮ ಕೈಯಲ್ಲಿದೆ. ಯಾರೂ ಅವಸರ ಮಾಡಿಸಬಾರದು, ನಾನೂ ಸಹ.

ಅಂಗಡಿಗೆ ಆ ಗೆಳತಿಯ ಜೊತೆ ಹೋಗಿ. ಭಾನುವಾರ ಬೇಡ, ವಾರದ ಮಧ್ಯೆ ರಜೆ ಹಾಕಿ ಬೆಳಗ್ಗೆ ಹೋದರೆ ಟ್ರಯಲ್ ರೂಮಿನ ಹತ್ತಿರ ಜನ ಇರುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಪಾರ್ಸೆಲ್ ಅವರ ಮನೆಗೆ ಬರಲಿ. ಅದಕ್ಕೂ ಮೊದಲು ಟೇಪು ಹಿಡಿದು ಸೊಂಟ, ಸೀಟು, ಭುಜ, ತೋಳಿನ ಉದ್ದ ಅವರಿಂದ ಅಳೆಸಿ. ಆ ಅಳತೆಗಳನ್ನು ನನಗೆ ಬರೆದು ಕಳಿಸಿ, ಯಾವ ಕಟ್ ಸರಿಹೋಗುತ್ತದೆ ಅಂತ ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.