ಟಿ-34 ಟ್ಯಾಂಕಿನ ಮಾದರಿ ಆಟಿಕೆಯಂತೆ ಕಾಣುವುದೇಕೆ?

ಬಣ್ಣ ಸರಿಯಿದ್ದೂ 1/35 ಅಳತೆಯ ಟಿ-34 ಆಟಿಕೆಯಂತೆ ಕಂಡರೆ, ಮೊದಲು ಟ್ರ್ಯಾಕ್ ನೋಡಿ. ಚಕ್ರಗಳನ್ನು ಸುತ್ತುವ ಆ ಸರಪಳಿ ಮೇಲ್ಭಾಗದಲ್ಲಿ ರಬ್ಬರ್ ಬ್ಯಾಂಡಿನಂತೆ ಬಿಗಿಯಾಗಿ ನಿಂತಿರುತ್ತದೆ. ನಿಜವಾದ ಟ್ಯಾಂಕಿನಲ್ಲಿ ಅದು ಜೋತುಬಿದ್ದು ದೊಡ್ಡ ಚಕ್ರಗಳ ನೆತ್ತಿಯ ಮೇಲೆಯೇ ಒರಗುತ್ತದೆ. ಮೇಲ್ಭಾಗವನ್ನು ಎತ್ತಿಹಿಡಿಯಲು ಬೇರೆ ಸಣ್ಣ ಉರುಳೆಗಳಿಲ್ಲ. ಎಂಜಿನ್ ಬಲ ಹಿಂದಿನ ಚಕ್ರಕ್ಕೆ ಹೋಗುವುದರಿಂದ, ಮುಂದೆ ಚಲಿಸುವಾಗ ಕೆಳಭಾಗ ಬಿಗಿಯುತ್ತದೆ, ಸಡಿಲವೆಲ್ಲ ಮೇಲಕ್ಕೆ ಬರುತ್ತದೆ.

ಮಾದರಿಯ ಟ್ರ್ಯಾಕ್ ತಾನಾಗಿ ಜೋಲುವುದಿಲ್ಲ, ಏಕೆಂದರೆ ತೂಕ ಸಾಲದು. ಉದ್ದ, ಅಗಲ, ದಪ್ಪ ಮೂರೂ 35 ಪಟ್ಟು ಕುಗ್ಗಿದಾಗ, ಅದೇ ಉಕ್ಕಿನಲ್ಲಿ ಮಾಡಿದರೂ ತೂಕ ಸುಮಾರು 43 ಸಾವಿರ ಪಟ್ಟು ಇಳಿಯುತ್ತದೆ. ಕಿಟ್‌ನಲ್ಲಿ ಬರುವ ವಿನೈಲ್ ಪಟ್ಟಿ ಇನ್ನೂ ಹಗುರ, ಮೇಲಾಗಿ ಸೆಟೆದುಕೊಳ್ಳುವ ಗುಣದ್ದು.

ಹಾಗಾಗಿ ಆ ಭಾರವನ್ನು ನಾವೇ ತೋರಿಸಬೇಕು. ಬಣ್ಣ ಬಳಿದ ಪಟ್ಟಿಯನ್ನು ಪ್ರತಿ ಚಕ್ರದ ನೆತ್ತಿಗೆ ಒತ್ತಿ ಫೆವಿಕ್ವಿಕ್‌ನಂಥ ಅಂಟಿನ ಒಂದು ಹನಿ ಹಾಕಿ, ಹಿಡಿಯುವವರೆಗೆ ಮೇಲೆ ಸ್ಪಂಜಿನ ತುಂಡು ಸಿಕ್ಕಿಸಿಡಿ. ನನ್ನ ಆಯ್ಕೆ ಮಾತ್ರ ಕೊಂಡಿಗಳು ಬಿಡಿಬಿಡಿಯಾಗಿರುವ ಟ್ರ್ಯಾಕ್. ಒಂದು ಬದಿಗೇ 72 ಕೊಂಡಿ ಜೋಡಿಸಬೇಕು, ಇಡೀ ಸಂಜೆ ಹೋಗುತ್ತದೆ. ಆದರೆ ಚಕ್ರಗಳ ನಡುವಿನ ಆ ಸಣ್ಣ ತಗ್ಗು ಅದರಲ್ಲಿ ಬರುವಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಬರುವುದಿಲ್ಲ.