ಮಕ್ಕಳು ಕಾರ್ಡ್ ಜೋಡಿಸುತ್ತಾರೆ, ಹೇಗೆ ಅಂತ ಹೇಳಲ್ಲ: ಬೋರಲು ಹಾಕಿ ನೋಡಿ

ಮೂರನೇ ತರಗತಿಯವರು ಸಂಖ್ಯೆ ಕಾರ್ಡುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸರಸರ ಜೋಡಿಸುತ್ತಾರೆ, ಹೇಗೆ ಅಂದರೆ ಹೇಳಲು ಬರಲ್ಲ ಅಂದಿದ್ದೀರಿ ಅಲ್ವಾ? ಕಾರ್ಡುಗಳೆಲ್ಲ ಒಟ್ಟಿಗೆ ಕಾಣುತ್ತಿರುವುದೇ ಕಾರಣ ಇರಬೇಕು. ಕಣ್ಣೇ ಕೆಲಸ ಮುಗಿಸಿಬಿಡುತ್ತದೆ, ಹಂತಗಳು ಬೇಕಾಗುವುದೇ ಇಲ್ಲ.

6 ಕಾರ್ಡುಗಳನ್ನು ಸಾಲಾಗಿ ಬೋರಲು ಇಡಿ. ಎಡತುದಿಯ ಎರಡನ್ನು ಮಾತ್ರ ಎತ್ತಿ ನೋಡಬೇಕು. ದೊಡ್ಡದು ಎಡಕ್ಕಿದ್ದರೆ ಅದಲು ಬದಲು ಮಾಡಿ, ಮತ್ತೆ ಬೋರಲು ಹಾಕಬೇಕು. ಆಮೇಲೆ ಎರಡನೆಯದು ಮತ್ತು ಮೂರನೆಯದು, ಹೀಗೇ ಕೊನೆತನಕ. 5 ಹೋಲಿಕೆ ಮುಗಿದಾಗ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಬಲತುದಿಗೆ ಬಂದು ಕೂತಿರುತ್ತದೆ. ಅಲ್ಲೇ ನಿಲ್ಲಿಸಿ, "ಇನ್ನು ಯಾವ ಕಾರ್ಡ್ ಮುಟ್ಟಬೇಕಾಗಿಲ್ಲ?" ಅಂತ ಕೇಳಿ. ಅವಸರ ಬೇಡ, ಉತ್ತರ ಅವರಿಂದಲೇ ಬರಲಿ. ನನ್ನ ತರಗತಿಯಲ್ಲಿ ಒಬ್ಬಳು ಆ ಕಾರ್ಡಿನ ಮೇಲೆ ರಬ್ಬರ್ ಇಟ್ಟು "ಇದು ಮುಗೀತು" ಅಂದಳು. ಉಳಿದವರಿಗೆ ಅಷ್ಟರಲ್ಲೇ ಹೊಳೆಯಿತು.

ಉಳಿದ ಐದಕ್ಕೂ, ಆಮೇಲೆ ನಾಲ್ಕಕ್ಕೂ, ಹೀಗೆ ಕೊನೆಯ ಎರಡರ ತನಕ ಇದನ್ನೇ ಮಾಡಿಸಿ. ಮೊದಲ 5 ಸೇರಿ ಒಟ್ಟು ಹೆಚ್ಚೆಂದರೆ 15 ಹೋಲಿಕೆ ಆಗುತ್ತದೆ. ನಿಮ್ಮ ಮಕ್ಕಳಿಗೆ ಆರು ಜಾಸ್ತಿ ಆಗಬಹುದು, ಹಾಗಾದರೆ ನಾಲ್ಕರಿಂದ ಶುರು ಮಾಡಿ.

ಮರುದಿನ ಒಬ್ಬರು ಹಂತಗಳನ್ನು ಬರೀ ಹೇಳಲಿ, ಇನ್ನೊಬ್ಬರು ಹೇಳಿದಷ್ಟೇ ಮಾಡಲಿ. ತಪ್ಪಾದರೆ ನೀವು ತಿದ್ದಬೇಡಿ. ಯಾವ ಹಂತ ಬಿಟ್ಟುಹೋಯಿತು ಅಂತ, ಹಂತ ಹೇಳಿಕೊಟ್ಟ ಮಗುವೇ ಹುಡುಕಲಿ.